ಹುಡ್ ಹಾಕಿ ಅಪ್ರೋಚ್ ಮಾಡುವಾಗ ವಿಮಾನ ಬಲಕ್ಕೆ ತಿರುಗುತ್ತಿದೆ ಅನ್ನಿಸಿತು. ನನ್ನ ಕಿವಿಯಲ್ಲೇ ದೋಷ ಇದೆಯಾ?

ಹಾವೇರಿ ಹುಡುಗ, ಬಾರಾಮತಿ:

ಎಲ್ಲರಿಗೂ ನಮಸ್ಕಾರ. ಪುಣೆ ಜಿಲ್ಲೆಯ ಬಾರಾಮತಿಯಲ್ಲಿ ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಟ್ರೈನಿಂಗ್ ಮಾಡುತ್ತಿದ್ದೇನೆ. 140 ಗಂಟೆ ಆಗಿದೆ. ಮೊನ್ನೆ ಇನ್‌ಸ್ಟ್ರಕ್ಟರ್ ಜೊತೆ ಸೆಸ್ನಾ 172ರಲ್ಲಿ ಬೇರೆ ಊರಿಗೆ ಐಎಲ್‌ಎಸ್ ಅಪ್ರೋಚ್ (ರೇಡಿಯೋ ಸಂಕೇತ ಹಿಡಿದು ರನ್‌ವೇ ಕಡೆ ಇಳಿಯುವುದು) ಪ್ರಾಕ್ಟೀಸಿಗೆ ಹೋಗಿದ್ದೆವು. ನಾನು ಹುಡ್ ಹಾಕಿದ್ದೆ. ಹೊರಗೆ ಏನೂ ಕಾಣದು, ಎದುರಿನ ಮೀಟರ್‌ಗಳು ಮಾತ್ರ.

ರನ್‌ವೇಯ ನೇರ ತೋರಿಸುವ ಸಂಕೇತ, ಅಂದರೆ ಲೋಕಲೈಜರ್ ಹಿಡಿಯಲು ಎಡಕ್ಕೆ ತಿರುಗಿದೆ. ಉದ್ದದ ಟರ್ನ್, ಅರ್ಧ ನಿಮಿಷ ಆಗಿರಬೇಕು. ನೇರ ಮಾಡಿ, ಟವರ್ ಫ್ರೀಕ್ವೆನ್ಸಿ ಹಾಕಲು ರೇಡಿಯೋ ಕಡೆ ತಲೆ ಬಗ್ಗಿಸಿದೆ. ತಲೆ ಎತ್ತಿದರೆ ವಿಮಾನ ಬಲಕ್ಕೆ ವಾಲಿ ತಿರುಗುತ್ತಿದೆ ಅಂತ ಮೈಯೆಲ್ಲ ಹೇಳುತ್ತಿದೆ! ವಿಮಾನದ ವಾಲು ತೋರಿಸುವ ಮೀಟರ್, ಅಂದರೆ ಹೊರೈಜನ್‌ನಲ್ಲಿ ರೆಕ್ಕೆ ಸಮ ಇತ್ತು. ಕಣ್ಣಿಗೆ ಕಂಡಿತು, ಮನಸ್ಸು ಒಪ್ಪಲಿಲ್ಲ. ಕೈ ತಾನಾಗಿ ಎಡಕ್ಕೆ ತಿರುಗಿಸಿತು. ಮೂಗು ಕೆಳಗೆ ಬೀಳಲು ಶುರುವಾದಾಗ ಸರ್ ಕಂಟ್ರೋಲ್ ತೆಗೆದುಕೊಂಡರು.

ಎರಡು ರಾತ್ರಿ ನಿದ್ದೆ ಬಂದಿಲ್ಲ. ಅಪ್ಪ ಹೊಲ ಅಡವಿಟ್ಟು ನನ್ನನ್ನು ಕಳಿಸಿದ್ದಾರೆ. ಪ್ರಾಕ್ಟೀಸ್ ಮಾಡಿದರೆ ಇದು ಹೋಗುತ್ತದಾ? ಮುಚ್ಚುಮರೆ ಬೇಡ, ಇದ್ದದ್ದು ಇದ್ದ ಹಾಗೆ ಹೇಳಿ.

ಹಳೆಯ ಪೈಲಟ್, ವಾಸ್ಕೊ:

ತಮ್ಮಾ, ಮೊದಲು ನಿದ್ದೆ ಮಾಡು. ನಿನ್ನ ಕಿವಿ ಚೆನ್ನಾಗಿಯೇ ಇದೆ. ಚೆನ್ನಾಗಿ ಇರುವುದಕ್ಕೇ ಹಾಗೆ ಅನ್ನಿಸಿದ್ದು.

ಒಳಕಿವಿಯಲ್ಲಿ ಮೂರು ಅರ್ಧವೃತ್ತದ ನಾಳಗಳಿವೆ, ಒಳಗೆ ದ್ರವ. ತಿರುಗಲು ಶುರು ಮಾಡಿದಾಗ ದ್ರವ ಹಿಂದೆ ಉಳಿಯುತ್ತದೆ, ಅದರಿಂದ ತಿರುಗುವುದು ಗೊತ್ತಾಗುತ್ತದೆ. ಅದೇ ವೇಗದಲ್ಲಿ 10-20 ಸೆಕೆಂಡ್ ತಿರುಗುತ್ತಲೇ ಇದ್ದರೆ ದ್ರವವೂ ಜೊತೆಗೆ ತಿರುಗತೊಡಗುತ್ತದೆ. ಆಗ ಕಿವಿಯ ಲೆಕ್ಕಕ್ಕೆ ನೀನು ನೇರ ಹೋಗುತ್ತಿದ್ದೀಯ. ಸ್ಟ್ಯಾಂಡರ್ಡ್ ಟರ್ನ್ ಸೆಕೆಂಡಿಗೆ 3 ಡಿಗ್ರಿ, 90 ಡಿಗ್ರಿಗೆ 30 ಸೆಕೆಂಡ್ ಬೇಕು. ಅಷ್ಟರಲ್ಲಿ ನಿನ್ನ ಕಿವಿ ಎಡ ಟರ್ನನ್ನು ಮರೆತಿತ್ತು. ನೇರ ಮಾಡಿದಾಗ ವಿಮಾನ ತಿರುಗುವುದು ನಿಂತಿತು, ದ್ರವ ತಿರುಗುವುದು ನಿಲ್ಲಲಿಲ್ಲ. ಬಲಕ್ಕೆ ತಿರುಗಿದ ಹಾಗೆ ಅನ್ನಿಸಿದ್ದು ಅದಕ್ಕೇ. ಸರಿಯಾಗಿ ಅದೇ ಹೊತ್ತಿಗೆ ತಲೆ ಬಗ್ಗಿಸಿದ್ದರಿಂದ ಇನ್ನೊಂದು ನಾಳವೂ ಕದಡಿತು.

ನನಗೂ ಆಗಿದೆ. 1994ರ ಜುಲೈ, ಬಾಂಬೆಯಿಂದ ಗೋವಾಕ್ಕೆ ಚಿಕ್ಕ ವಿಮಾನ ತರುತ್ತಿದ್ದೆ, ಪಕ್ಕದ ಸೀಟು ಖಾಲಿ. ದಾಬೋಲಿಂ ಅಪ್ರೋಚಿನಲ್ಲಿ, ಮೋಡದೊಳಗೆ ಟರ್ನ್ ಮಾಡುವಾಗ ಚಾರ್ಟ್ ಜಾರಿ ರಡ್ಡರ್ ಪೆಡಲ್ ಹತ್ತಿರ ಬಿತ್ತು. ಎತ್ತಿಕೊಳ್ಳಲು ಬಗ್ಗಿದೆ. ತಲೆ ಎತ್ತುವಷ್ಟರಲ್ಲಿ ವಿಮಾನ ಪಲ್ಟಿ ಹೊಡೆಯುತ್ತಿದೆ ಅನ್ನಿಸಿತು. ಹೊರೈಜನ್ ಮೇಲೆ ಕಣ್ಣು ನೆಟ್ಟು "ರೆಕ್ಕೆ ಸಮ, ರೆಕ್ಕೆ ಸಮ" ಅಂತ ಬಾಯಿಬಿಟ್ಟು ಹೇಳಿಕೊಂಡೆ. ಮುಂದಿನ ನಾಲ್ಕು ನಿಮಿಷ ಸೀಟಿನಲ್ಲಿ ಎಡಕ್ಕೆ ಓರೆಯಾಗಿ ಕುಳಿತಿದ್ದೇನೆ ಅನ್ನಿಸುತ್ತಲೇ ಇತ್ತು. ಎಡಭುಜ ಕಿಟಕಿ ಕಡೆ ಎಳೆಯುತ್ತಿತ್ತು. ಮಳೆಯ ಆಚೆ ರನ್‌ವೇ ದೀಪಗಳು ಕಂಡವು ನೋಡು, ಅರೆಕ್ಷಣದಲ್ಲಿ ಎಲ್ಲ ನೆಟ್ಟಗಾಯಿತು.

ಆಗ ನನಗೆ 2000 ಗಂಟೆ ದಾಟಿತ್ತು. ಆದ್ದರಿಂದ ಪ್ರಾಕ್ಟೀಸಿನಿಂದ ಈ ಅನಿಸಿಕೆ ಹೋಗುವುದಿಲ್ಲ, ತಮ್ಮಾ. ಅನ್ನಿಸಿದರೂ ಕೈಯನ್ನು ತಡೆಯುವುದು ಮಾತ್ರ ಬರುತ್ತದೆ. ಅದೂ ಸುಮ್ನೆ ಬರುವುದಿಲ್ಲ, ಮೊನ್ನೆ ನಿನಗೆ ಆದಂಥ ದಿನಗಳಿಂದಲೇ ಬರುತ್ತದೆ. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಇನ್‌ಸ್ಟ್ರುಮೆಂಟ್ ಟ್ರೈನಿಂಗ್ ಇಲ್ಲದ 20 ಪೈಲಟ್‌ಗಳನ್ನು ಹೊರಗೆ ಕಾಣದ ಹಾಗೆ ಹಾರಿಸಿ ನೋಡಿದ್ದರು. ಇಪ್ಪತ್ತೂ ಜನ ಹಿಡಿತ ಕಳೆದುಕೊಂಡರು. ಸರಾಸರಿ 178 ಸೆಕೆಂಡ್.

ಟವರ್ ಫ್ರೀಕ್ವೆನ್ಸಿಯನ್ನು ಟರ್ನ್‌ಗೆ ಮೊದಲೇ ಸ್ಟ್ಯಾಂಡ್‌ಬೈಯಲ್ಲಿ ಹಾಕಿಡು, ಆಮೇಲೆ ಒಂದು ಬಟನ್ ಒತ್ತಿದರೆ ಸಾಕು. ಚಾರ್ಟನ್ನು ಕ್ಲಿಪ್ ಮಾಡು. ಕಣ್ಣು ಹೊರಳಿಸು, ತಲೆ ಬಗ್ಗಿಸಬೇಡ. 3 ಡಿಗ್ರಿ ಗ್ಲೈಡ್ ಸ್ಲೋಪಿನಲ್ಲಿ (ಇಳಿಯುವ ಓರೆ ದಾರಿಯಲ್ಲಿ) 90 ನಾಟ್ ವೇಗಕ್ಕೆ ನಿಮಿಷಕ್ಕೆ ಸುಮಾರು 480 ಅಡಿ ಇಳಿಯುತ್ತೀಯ. 500 ಅಡಿಯಲ್ಲಿ ಇದ್ದೀಯ ಅಂದರೆ ನೆಲಕ್ಕೆ ಒಂದೇ ನಿಮಿಷ. ಆ ಹೊತ್ತಿನಲ್ಲಿ ಗೊಂದಲ ಆದರೆ ಅಪ್ರೋಚ್ ಬಿಟ್ಟು ಮೇಲೇರು. ಫುಲ್ ಥ್ರಾಟಲ್ ಕೊಟ್ಟಾಗ ಮೂಗು ಇರುವುದಕ್ಕಿಂತ ಜಾಸ್ತಿ ಮೇಲೆದ್ದ ಹಾಗೆ ಅನ್ನಿಸುತ್ತದೆ. ಅದನ್ನು ನಂಬಿ ಕೆಳಗೆ ಒತ್ತಬೇಡ, ಹೊರೈಜನ್ ನೋಡು.

ಕಲೀನಾ ಟೆಕ್ನಿಷಿಯನ್, ಮುಂಬೈ:

ಕ್ಯಾಪ್ಟನ್ ಸರ್, ಒಂದು ಮಾತು ಸೇರಿಸಲೇಬೇಕು. ನಾನು ಪೈಲಟ್ ಅಲ್ಲ, ಮೀಟರ್ ರಿಪೇರಿಯಲ್ಲೇ 30 ವರ್ಷ ಕಳೆದವನು. ಹೊರೈಜನ್ ಒಂದನ್ನೇ ನಂಬು ಅಂತ ಹುಡುಗನಿಗೆ ಹೇಳಬೇಡಿ.

1978ರ ಜನವರಿ 1ರ ರಾತ್ರಿ ಏರ್ ಇಂಡಿಯಾದ 'ಎಂಪರರ್ ಅಶೋಕ' ಇಲ್ಲಿಂದಲೇ ಟೇಕಾಫ್ ಆಗಿ ಬಾಂದ್ರಾ ಎದುರಿನ ಸಮುದ್ರಕ್ಕೆ ಬಿತ್ತು. 213 ಜನ ಸತ್ತರು. ಅದು ದೊಡ್ಡ 747, ಆದರೆ ಪಾಠ ಅದೇ. ಬಲ ಟರ್ನ್ ಮುಗಿದ ಮೇಲೂ ಕ್ಯಾಪ್ಟನ್ ಕಡೆಯ ಹೊರೈಜನ್ ಬಲಕ್ಕೇ ವಾಲಿದೆ ಅಂತ ತೋರಿಸುತ್ತಿತ್ತು. ಅವರು ಎಡಕ್ಕೆ ತಿರುಗಿಸುತ್ತಾ ಹೋದರು. ಕೆಳಗೆ ಕತ್ತಲ ಸಮುದ್ರ, ಹೊರಗೆ ನೋಡಿ ಗುರುತಿಸಲು ಒಂದು ಗೆರೆಯೂ ಇಲ್ಲ. ಉಳಿದ ಮೀಟರ್‌ಗಳನ್ನು ನೋಡಿ ವಿಮಾನವನ್ನು ಹಿಡಿತಕ್ಕೆ ತರಲಿಲ್ಲ ಅಂತ ತನಿಖೆ ಹೇಳಿತು. ಇವತ್ತಿಗೂ ಬ್ಯಾಂಡ್‌ಸ್ಟ್ಯಾಂಡ್‌ನಲ್ಲಿ ನಿಂತರೆ ನನಗೆ ಅದು ನೆನಪಾಗುತ್ತದೆ.

ತಮ್ಮಾ, ಹಳೆಯ 172ಗಳಲ್ಲಿ ಹೊರೈಜನ್ ಮತ್ತು ಹೆಡಿಂಗ್ ಮೀಟರ್ ವ್ಯಾಕ್ಯೂಮ್ ಪಂಪಿನಿಂದ ಓಡುತ್ತವೆ. ತಿರುಗುವುದನ್ನು ತೋರಿಸುವ ಟರ್ನ್ ಕೋಆರ್ಡಿನೇಟರ್ ಕರೆಂಟಿನಿಂದ. ಬೇಕೆಂದೇ ಹಾಗೆ ಮಾಡಿದ್ದಾರೆ, ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಅಂತ. ಪಂಪ್ ಸತ್ತರೆ ಹೊರೈಜನ್ ತಟ್ಟನೆ ಬೀಳುವುದಿಲ್ಲ. ಒಳಗೆ ಸುತ್ತುವ ಚಕ್ರ, ಗೈರೋ, ನಿಧಾನಕ್ಕೆ ಸೋಲುತ್ತದೆ, ಮೀಟರ್ ನಿಧಾನಕ್ಕೆ ಓರೆಯಾಗುತ್ತದೆ. ಅದನ್ನೇ ಹಿಂಬಾಲಿಸಿದರೆ ಕಷ್ಟ. ಪಂಪಿನ ಸೆಳೆತ ತೋರಿಸುವ ಸಕ್ಷನ್ ಗೇಜ್ ಕಡೆಗೂ ಆಗಾಗ ಕಣ್ಣು ಹಾಯಿಸು.

ಹಳೆಯ ಪೈಲಟ್, ವಾಸ್ಕೊ:

ಒಪ್ಪಿದೆ, ನಾನು ಬರೆಯಬೇಕಿತ್ತು. ಹೊರೈಜನ್ ಜೊತೆ ಟರ್ನ್ ಕೋಆರ್ಡಿನೇಟರ್, ಹೆಡಿಂಗ್, ಆಲ್ಟಿಮೀಟರ್ ಎಲ್ಲವೂ ಒಂದೇ ಮಾತು ಹೇಳುತ್ತಿವೆಯಾ ನೋಡು. ನಿನ್ನ ಮೈ ಹೇಳುವುದನ್ನು ನಂಬಲೇಬೇಡ. ತಿರುಗುವ ಕುರ್ಚಿ ಇದ್ದರೆ ಕಣ್ಣು ಮುಚ್ಚಿ ಕುಳಿತು ಯಾರಿಂದಾದರೂ ಎಡಕ್ಕೆ ತಿರುಗಿಸಿಕೊ. ಬೆರಳಿನಿಂದ ದಿಕ್ಕು ತೋರಿಸುತ್ತಾ ಇರು.

ಹಾವೇರಿ ಹುಡುಗ, ಬಾರಾಮತಿ:

ಸರ್, ಮಾಡಿದೆವು. ಆಫೀಸಿನ ಕುರ್ಚಿಯಲ್ಲಿ ರೂಮ್‌ಮೇಟ್ ಒಂದೇ ಸಮನೆ ಅರ್ಧ ನಿಮಿಷ ಎಡಕ್ಕೆ ತಿರುಗಿಸಿದ. ಮೊದಲು ಬೆರಳು ಎಡಕ್ಕೆ ಇತ್ತಂತೆ, ಆಮೇಲೆ ನೆಟ್ಟಗೆ. ಕುರ್ಚಿ ನಿಲ್ಲಿಸಿದಾಗ ನಾನು ಬಲಕ್ಕೆ ತೋರಿಸಿದೆ. ಸರಿಯಾಗಿ ಮೊನ್ನೆಯ ಹಾಗೇ. ಆಮೇಲೆ ಅವನನ್ನೂ ಕೂರಿಸಿದೆ, ಅವನೂ ಬಲಕ್ಕೇ ತೋರಿಸಿದ!

ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ನಾಳೆ ಬೆಳಗ್ಗೆ ಆರೂವರೆಗೆ ಸಾರ್ಟಿ (ಹಾರಾಟ) ಇದೆ. ಚಾರ್ಟಿಗೆ ಕ್ಲಿಪ್ ತಂದಿದ್ದೇನೆ.