ಆರು ವರ್ಷದ ಮಗುವಿಗೆ ಕೆಜಿಎಫ್ ತೋರಿಸಬಹುದಾ? ಸರ್ಟಿಫಿಕೇಟು ಯು/ಎ ಅಂತಿದೆ

ಕಾಫಿಪುಡಿ:
ಮಗನಿಗೆ ಆರು ವರ್ಷ, ಒಂದನೇ ಕ್ಲಾಸು. ಶಾಲೆ ವ್ಯಾನಿನಲ್ಲಿ ಎಲ್ಲರದ್ದೂ ರಾಕಿ ಭಾಯ್ ಜಪ, ಇವನಿಗೂ ಕೆಜಿಎಫ್ ನೋಡಲೇಬೇಕಂತೆ. ದಸರಾ ರಜೆಗೆ 11 ಮತ್ತು 13 ವರ್ಷದ ಕಸಿನ್‌ಗಳು ಬರುತ್ತಾರೆ. ಎರಡೂ ಚಾಪ್ಟರ್‌ಗಳನ್ನು ಮನೆಯ ಟಿವಿಯಲ್ಲಿ ಒಟ್ಟಿಗೆ ಹಾಕೋಣ ಅನ್ನುವ ಮಾತಿದೆ. ಎರಡಕ್ಕೂ ಯು/ಎ ಇದೆ. ಅಂದರೆ ದೊಡ್ಡವರು ಪಕ್ಕದಲ್ಲಿ ಕೂತರೆ ಸಾಕು ಅಂತಲಾ? ಈಗ ಬಂದಿರುವ 7+, 13+, 16+ ಇವಕ್ಕೆ ಹೇಗೆ ಹೊಂದುತ್ತೆ? ಫೈಟು ಬಂದಾಗ ರಿಮೋಟಿನಲ್ಲಿ ಮುಂದಕ್ಕೆ ಓಡಿಸಿಬಿಟ್ಟರೆ ನಡೆಯುತ್ತಾ? ಚಿತ್ರ ಚೆನ್ನಾಗಿ ಗೊತ್ತಿರುವವರು ದೃಶ್ಯ ಹಿಡಿದು ಹೇಳಿ. "ನಾವೆಲ್ಲ ನೋಡಿ ಬೆಳೆದಿಲ್ವಾ" ಅನ್ನುವ ಉತ್ತರ ಬೇಡ, ಅದು ಮನೆಯಲ್ಲೇ ಧಾರಾಳವಾಗಿ ಸಿಗ್ತಿದೆ.

ರೀಲುಪೆಟ್ಟಿಗೆ:
ಮೊದಲು ಸರ್ಟಿಫಿಕೇಟಿನ ವಿಷಯ ಮುಗಿಸಿಬಿಡೋಣ. ಚಾಪ್ಟರ್ 1 ಬಂದದ್ದು 2018ರ ಡಿಸೆಂಬರ್‌ನಲ್ಲಿ, ಚಾಪ್ಟರ್ 2 ಬಂದದ್ದು 2022ರ ಏಪ್ರಿಲ್‌ನಲ್ಲಿ. ಆಗ ಇದ್ದದ್ದು ಒಂದೇ ಯು/ಎ. 12 ವರ್ಷದೊಳಗಿನ ಮಕ್ಕಳಿಗೆ ತೋರಿಸುವ ಮುನ್ನ ಪೋಷಕರು ಯೋಚಿಸಬೇಕು ಅನ್ನುವುದಷ್ಟೇ ಅದರ ಅರ್ಥ. ಪಕ್ಕದಲ್ಲಿ ಕೂತರೆ ಸರಿಹೋಗುತ್ತೆ ಅಂತ ಅದು ಎಲ್ಲೂ ಹೇಳುವುದಿಲ್ಲ. ಯೋಚಿಸುವ ಕೆಲಸವನ್ನು ನಿಮ್ಮ ತಲೆಗೆ ಕಟ್ಟುತ್ತೆ, ಅಷ್ಟೆ. ಒಂದೆರಡು ಏಟಿನ ಕೌಟುಂಬಿಕ ಚಿತ್ರಕ್ಕೂ ಅದೇ ಯು/ಎ, ಕೆಜಿಎಫ್‌ಗೂ ಅದೇ.

ಈ ಗೊಂದಲ ಕಡಿಮೆ ಮಾಡಲೆಂದೇ 2024ರಲ್ಲಿ ಯುಎ 7+, 13+, 16+ ಅಂತ ಒಡೆದದ್ದು. ಹಳೆಯ ಚಿತ್ರಗಳಿಗೆ ಅದು ತಾನಾಗಿ ಅಂಟಿಕೊಳ್ಳುವುದಿಲ್ಲ. ಇನ್ನೊಂದು ಮಾತು, ಹೊಸ ಯುಎ 16+ ಕೂಡ ಸಲಹೆಯೇ, ಥಿಯೇಟರಿನವರು ಮಗುವನ್ನು ಬಾಗಿಲಲ್ಲಿ ತಡೆಯಬೇಕಿಲ್ಲ. ಕಾನೂನು ತಡೆಯುವುದು 'ಎ' ಚಿತ್ರಕ್ಕೆ ಮಾತ್ರ, ಅಲ್ಲಿ ಅಪ್ಪ-ಅಮ್ಮ ಜತೆಗಿದ್ದರೂ 18 ತುಂಬದವರಿಗೆ ಪ್ರವೇಶವಿಲ್ಲ. ಇದೇ ನಿರ್ದೇಶಕರ ಸಲಾರ್ 2023ರಲ್ಲಿ ಬಂದಾಗ ಸಿಕ್ಕಿದ್ದು ಎ.

ಓಟಿಟಿಗೆ ಅನ್ವಯಿಸುವುದು ಸೆನ್ಸಾರ್ ಮಂಡಳಿಯ ಲೆಕ್ಕವಲ್ಲ, 2021ರ ಐಟಿ ನಿಯಮದ ಲೆಕ್ಕ. ಪ್ಲಾಟ್‌ಫಾರ್ಮ್ ತಾನೇ ವಯಸ್ಸು ನಮೂದಿಸಬೇಕು, 13+ ಮತ್ತು ಅದಕ್ಕೆ ಮೇಲ್ಪಟ್ಟದ್ದಕ್ಕೆ ಪೋಷಕರು ಬೀಗ ಹಾಕುವ ಸೌಲಭ್ಯ ಕೊಡಬೇಕು. ಪ್ಲೇ ಒತ್ತಿದಾಗ ಪರದೆಯ ಮೂಲೆಯಲ್ಲಿ ವಯಸ್ಸಿನ ಜತೆ "ಹಿಂಸೆ", "ತಂಬಾಕು" ಥರದ ಪದಗಳು ಕೆಲವು ಸೆಕೆಂಡು ಬಂದು ಹೋಗ್ತವೆ. ವಯಸ್ಸಿನ ಅಂಕಿಗಿಂತ ಆ ಪದಗಳನ್ನು ಓದಿ.

ಬಾಲಂಗೋಚಿ:
ಮಕ್ಕಳ ಬೆಳವಣಿಗೆಯ ಕಡೆಯಿಂದ ಹೇಳ್ತೇನೆ. ಪೋಷಕರು ಸಾಮಾನ್ಯವಾಗಿ ರಕ್ತ ಎಷ್ಟು ಸುರಿಯಿತು ಅಂತ ಅಳೆಯುತ್ತಾರೆ. ಆರು ವರ್ಷದವನಿಗೆ ಆ ಅಳತೆಗೋಲು ಅಷ್ಟಾಗಿ ಉಪಯೋಗಕ್ಕೆ ಬರಲ್ಲ. ಕೆಜಿಎಫ್ ಇದಕ್ಕೆ ಒಳ್ಳೆಯ ಉದಾಹರಣೆ: ಇಡೀ ಚಿತ್ರ ಮಸಿ ಬಣ್ಣದ್ದು, ಕೆಂಪು ಕಣ್ಣಿಗೆ ಹೊಡೆಯುವುದು ಕಡಿಮೆ. ಗುಂಡಿನ ಸುರಿಮಳೆಯಲ್ಲಿ ಬೀಳುವವರು ಮುಖವಿಲ್ಲದ ಗುಂಪು. ಈ ವಯಸ್ಸಿನ ಎಷ್ಟೋ ಮಕ್ಕಳು ಅದನ್ನು ಪಟಾಕಿ ನೋಡಿದಂತೆ ನೋಡಿಬಿಡುತ್ತಾರೆ.

ಕಷ್ಟ ಇರುವುದು ಅಮ್ಮನ ಎಳೆಯಲ್ಲಿ. ಚಾಪ್ಟರ್ 1ರಲ್ಲಿ ಹುಡುಗ ಇನ್ನೂ ಚಿಕ್ಕವನಿರುವಾಗಲೇ ತಾಯಿ ಸಾಯುತ್ತಾಳೆ, ಅವನು ಒಬ್ಬನೇ ಊರು ಬಿಟ್ಟು ಮುಂಬೈ ಸೇರುತ್ತಾನೆ. ಎರಡೂ ಭಾಗಗಳಲ್ಲಿ ಆ ನೆನಪು ಪದೇ ಪದೇ ಮರಳುತ್ತದೆ, ದೊಡ್ಡವರ ಗಂಟಲು ಕಟ್ಟುವುದೂ ಅಲ್ಲೇ. ಆರು ವರ್ಷದವನಿಗೆ ಜಗತ್ತಿನಲ್ಲಿ ಅತಿ ದೊಡ್ಡ ಭಯ ಅಮ್ಮ ಇಲ್ಲದಾಗುವುದು. ಚಾಪ್ಟರ್ 2ರಲ್ಲಿ ಹರೆಯದ ಹುಡುಗನೊಬ್ಬನ ಸಾವಿದೆ, ಅವನ ತಾಯಿಯ ಗೋಳಿದೆ. ಕೊನೆಯ ಭಾಗದಲ್ಲಿ ನಾಯಕಿ ರೀನಾ ತಾನು ಬಸುರಿ ಎಂದು ತಿಳಿಸಿದ ಬೆನ್ನಿಗೇ ಗುಂಡಿಗೆ ಬಲಿಯಾಗುತ್ತಾಳೆ. ನಿಮ್ಮ ಮನೆಯಲ್ಲಿ ಯಾರಾದರೂ ಬಸುರಿ ಇದ್ದರೆ, ಇಲ್ಲಾ ಈಚೆಗೆ ಅಜ್ಜನೋ ಅಜ್ಜಿಯೋ ತೀರಿಕೊಂಡಿದ್ದರೆ, ಅಷ್ಟೇ ಕಾರಣ ಸಾಕು, ಬೇಡ ಅನ್ನಲು.

ಎರಡನೆಯದು ರೂಪ. ಸುಮಾರು ಏಳರವರೆಗೆ ಮಕ್ಕಳು ಕಂಡದ್ದಕ್ಕೆ ಹೆದರುತ್ತಾರೆ: ವಿಕಾರ ಮುಖ, ದನಿ, ದಿಢೀರ್ ಬದಲಾವಣೆ. 1980ರ ದಶಕದಲ್ಲಿ ಅಮೆರಿಕದ ಸಂಶೋಧಕಿ ಜೋನ್ ಕ್ಯಾಂಟರ್ ಮತ್ತು ಜತೆಗಾರರು ಹಲ್ಕ್ ಟಿವಿ ಸರಣಿ ತೋರಿಸಿ ನೋಡಿದಾಗ, ಪುಟ್ಟ ಮಕ್ಕಳು ಹೆಚ್ಚು ಬೆದರಿದ್ದು ಆತ ಹಸಿರು ದೈತ್ಯನಾಗುವ ಹೊತ್ತಿಗೆ. ಅವನು ಒಳ್ಳೆಯವನು, ಕಾಪಾಡಲು ಬಂದವನು ಎಂಬುದು ದೊಡ್ಡ ಮಕ್ಕಳಿಗಷ್ಟೇ ಸಮಾಧಾನ ಕೊಟ್ಟಿತು. ಚಾಪ್ಟರ್ 1ರ ಕ್ಲೈಮ್ಯಾಕ್ಸ್ ನೆನಪಿಸಿಕೊಳ್ಳಿ: ಕತ್ತಲು, ದೇವಿಯ ಪೂಜೆ, ಬಲಿಯ ಸಿದ್ಧತೆ, ಕತ್ತಿಯಿಂದ ಖಳನಾಯಕ ಗರುಡನ ತಲೆ ಹಾರುವುದು. "ಅವನು ಕೆಟ್ಟವನು ಕಂದಾ" ಎಂಬ ವಿವರಣೆ ಆರು ವರ್ಷದವನ ತಲೆಗೆ ಆ ಕ್ಷಣ ಹೋಗುವುದಿಲ್ಲ.

ಮೂರನೆಯದು ಅನುಕರಣೆ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಅವರ ಬೊಂಬೆಯ ಪ್ರಯೋಗ ಹಲವರಿಗೆ ಗೊತ್ತು, 1961ರದ್ದು: ದೊಡ್ಡವರು ಬೊಂಬೆಗೆ ಹೊಡೆಯುವುದನ್ನು ಕಂಡ ಮಕ್ಕಳೂ ಹಾಗೇ ಹೊಡೆದರು. ಆಮೇಲೆ 1965ರಲ್ಲಿ ಮಾಡಿದ್ದು ಇನ್ನೂ ಮುಖ್ಯ. ಬೊಂಬೆಗೆ ಹೊಡೆದವನಿಗೆ ಶಿಕ್ಷೆಯಾದದ್ದನ್ನು ನೋಡಿದ ಮಕ್ಕಳು ಕಡಿಮೆ ಹೊಡೆದರು. ಆದರೆ ಉಡುಗೊರೆ ಕೊಡ್ತೇವೆ, ಮಾಡಿ ತೋರಿಸಿ ಅಂದಾಗ ಅವರೂ ಅಷ್ಟೇ ಚೆನ್ನಾಗಿ ಮಾಡಿ ತೋರಿಸಿದರು. ಕಲಿಕೆ ಆಗಿಬಿಟ್ಟಿರುತ್ತೆ. ರಾಕಿಗೆ ಪ್ರತಿ ಹೊಡೆತಕ್ಕೂ ಜೈಕಾರ, ಸ್ಲೋ ಮೋಷನ್, ಹಿನ್ನೆಲೆ ಸಂಗೀತ. ಆಯುಧಗಳನ್ನೂ ಗಮನಿಸಿ. ಮೆಷಿನ್ ಗನ್ ಮನೆಯಲ್ಲಿ ಸಿಗಲ್ಲ, ಸುತ್ತಿಗೆ ಮತ್ತು ಗಾಜಿನ ಬಾಟಲಿ ಸಿಗುತ್ತೆ. ಕಾದು ಕೆಂಪಾದ ಗನ್ನಿನ ನಳಿಗೆಯಲ್ಲಿ ಸಿಗರೇಟು ಹೊತ್ತಿಸುವ ಸ್ಟೈಲು ದೊಡ್ಡವರಿಗೆ ತಮಾಷೆ. ಮಗು ಅದನ್ನು ಪೆನ್ಸಿಲ್ ಹಿಡಿದು ಮಾಡುತ್ತೆ.

ನನ್ನ ತೀರ್ಪು: ಆರಕ್ಕೆ ಎರಡೂ ಬೇಡ. 11ರ ಮಗುವಿಗೆ ಚಾಪ್ಟರ್ 1 ಮೊದಲು, ಹಗಲಲ್ಲಿ, ಜತೆ ಕೂತು. 13ಕ್ಕೆ ತಕರಾರಿಲ್ಲ.

ಸದ್ದುಗದ್ದಲ:
ಫೈಟು ಬಂದಾಗ ಓಡಿಸುವ ಉಪಾಯ ಯಾಕೆ ಕೈಕೊಡುತ್ತೆ ಅಂತ ಯಾರೂ ಹೇಳಿಲ್ಲ. ರಿಮೋಟಿನಲ್ಲಿ ಒಂದು ಒತ್ತಿಗೆ 10 ಸೆಕೆಂಡು ಅಂದುಕೊಂಡರೂ ಆರು ನಿಮಿಷದ ಫೈಟಿಗೆ 36 ಸಲ ಒತ್ತಬೇಕು. ಪ್ರತಿ ಒತ್ತಿಗೂ ಒಂದು ಚೂರು ದೃಶ್ಯ, ಒಂದು ಚೂರು ಕಿರುಚಾಟ. ಟೈಮ್‌ಲೈನ್ ಹಿಡಿದು ಎಳೆದರೆ ಸಣ್ಣ ಚೌಕದಲ್ಲಿ ಅದೇ ದೃಶ್ಯಗಳು ಸಾಲಾಗಿ ಮೂಡುತ್ತವೆ. ನಡುವೆ ನಿಲ್ಲಿಸಿದರೆ (ಪಾಸ್) ಕತ್ತಿ ಎತ್ತಿದ ಚಿತ್ರವೇ ನಿಂತುಬಿಡುತ್ತೆ. ಅರ್ಧ ಕಂಡದ್ದನ್ನು ಮಗು ತಲೆಯಲ್ಲಿ ಪೂರ್ತಿ ಮಾಡಿಕೊಳ್ಳುತ್ತೆ, ಅದು ಮೂಲಕ್ಕಿಂತ ಭೀಕರ. ಕೆಜಿಎಫ್‌ನಲ್ಲಿ ಇದು ಇನ್ನೂ ಕಷ್ಟ, ಕತೆ ಹಿಂದೆ ಮುಂದೆ ಜಿಗಿಯುತ್ತಲೇ ಇರುತ್ತೆ, ಮಾತಿನ ನಡುವೆ ಹೊಡೆತ ಹೆಣೆದಿರುತ್ತೆ. ಇಷ್ಟರಿಂದ ಅಷ್ಟರವರೆಗೆ ಫೈಟು ಅಂತ ಗೆರೆ ಎಳೆಯಲು ಬರಲ್ಲ.

ಇನ್ನು ಶಬ್ದ. ಥಿಯೇಟರಿನ ಡಾಲ್ಬಿ ಮಟ್ಟ ಒಂದು ಚಾನೆಲ್‌ಗೆ 85 ಡೆಸಿಬೆಲ್ ಸುತ್ತ ನಿಗದಿಯಾಗಿರುತ್ತೆ, ಏರಿಕೆ 105ರವರೆಗೆ ಹೋಗಬಹುದು, ಸಬ್‌ವೂಫರಿನದ್ದು 115. ಮಕ್ಕಳ ಕಿವಿಗೆ ಡಬ್ಲ್ಯುಎಚ್‌ಒ ಹಾಕಿರುವ ಮಿತಿ ವಾರಕ್ಕೆ 40 ಗಂಟೆ, 75 ಡೆಸಿಬೆಲ್‌ನಂತೆ. ಮನೆಯಲ್ಲಿ ಅಷ್ಟು ಏರಲ್ಲ. ಆದರೆ ಸೌಂಡ್‌ಬಾರ್ ಇದ್ದರೆ ಪಿಸುಮಾತು ಕೇಳಲಿ ಅಂತ ನೀವು ಏರಿಸಿದ್ದು ಗನ್ ಸದ್ದಿಗೆ ಅಬ್ಬರಿಸುತ್ತೆ. ಸೆಟ್ಟಿಂಗ್‌ನಲ್ಲಿ ಜೋರು ಸದ್ದನ್ನು ತಗ್ಗಿಸುವ ನೈಟ್ ಮೋಡ್ ಹಾಕಿ, ಬೇಸ್ ಇಳಿಸಿ. ಬೆಚ್ಚಿಬೀಳುವುದು ಅರ್ಧ ಕಮ್ಮಿಯಾಗುತ್ತೆ. ಇದು ದೊಡ್ಡ ಮಕ್ಕಳ ಶೋಗೂ ಅನ್ವಯ. ಥಿಯೇಟರಿಗೆ ಹೋಗುವವರು ಮಕ್ಕಳ ಇಯರ್‌ಮಫ್ ಒಯ್ಯಿರಿ. ಸ್ಪಂಜಿನ ಇಯರ್‌ಪ್ಲಗ್ ಬೇಡ, ಪುಟ್ಟವರು ಬಾಯಿಗೆ ಹಾಕ್ತಾರೆ.

ಚಾಪ್ಟರ್ 2ರ ಕಾರ್ ಚೇಸ್‌ನಲ್ಲಿ ಪರದೆ ಕಪ್ಪಾಗಿ, ಬೆಳಗಿ, ಮತ್ತೆ ಕಪ್ಪಾಗುತ್ತಾ ಸಾಗುತ್ತೆ. ಮೂರ್ಛೆ ರೋಗದ ಹಿನ್ನೆಲೆಯಿರುವ ಮಗುವಾದರೆ ವಯಸ್ಸು ಎಷ್ಟಿದ್ದರೂ ಅದನ್ನು ಬಿಟ್ಟುಬಿಡಿ.

ಮೂರನೇಬೆಂಚು:
ಬಾಲಂಗೋಚಿಯವರ ಮಾತು ಸರಿ, ಆದರೆ ಬರೀ "ಬೇಡ" ಅಂದರೆ ಆ ಮಗು ಶಾಲೆ ವ್ಯಾನಿನಲ್ಲಿ ತುಂಡು ತುಂಡಾಗಿ ಎಲ್ಲಾ ನೋಡಿ ಬರುತ್ತೆ. ಶಾರ್ಟ್ಸ್, ರೀಲ್ಸ್‌ನಲ್ಲಿ ಓಡುವುದು ಕತೆಯಿಲ್ಲದ ಬರೀ ಹೊಡೆತಗಳೇ, ಅದು ಇಡೀ ಚಿತ್ರಕ್ಕಿಂತ ಕೆಟ್ಟದ್ದು. ಮಗುವಿಗೆ ನಿಜಕ್ಕೂ ಬೇಕಿರುವುದು ಏನು ಅಂತ ನೋಡಿ: ಆ ಗಡ್ಡ, ಆ ನಡಿಗೆ, ವ್ಯಾನಿನಲ್ಲಿ ತನಗೂ ಮಾತಾಡಲು ಒಂದಿಷ್ಟು. ಹಾಡುಗಳನ್ನು ಆಡಿಯೋದಲ್ಲಿ ಕೇಳಿಸಿ, ಕೋಲಾರದ ಚಿನ್ನದ ಗಣಿಯ ಕತೆ ಹೇಳಿ. ನಿಜವಾದ ಕೆಜಿಎಫ್‌ನಲ್ಲಿ ಬ್ರಿಟಿಷರ ಕಾಲದಿಂದ 2001ರವರೆಗೆ ಚಿನ್ನ ತೆಗೆದರು, ಚಾಂಪಿಯನ್ ರೀಫ್ ಗಣಿ ನೆಲದಡಿ ಮೂರು ಕಿಲೋಮೀಟರ್‌ಗೂ ಆಳ, 1902ರಲ್ಲಿ ಶಿವನಸಮುದ್ರದಿಂದ ಅಲ್ಲಿಗೆ ಕರೆಂಟು ಹೋಯಿತು. ಆರು ವರ್ಷದವನು ಮೂರು ಕಿಲೋಮೀಟರ್ ಗುಂಡಿ ಅಂದರೆ ಬಾಯಿ ತೆರೆದು ಕೇಳುತ್ತಾನೆ. ವ್ಯಾನಿನಲ್ಲಿ ಬೇರೆ ಯಾರಿಗೂ ಇದು ಗೊತ್ತಿರಲ್ಲ, ಅವನದೇ ಮೇಲುಗೈ.

ಲೀಡ್ಸ್‌ಕನ್ನಡಿಗ:
ಹೊರದೇಶದವರಿಗೆ ಒಂದು ಸಾಲು. ಬ್ರಿಟನ್ನಿನ ಥಿಯೇಟರಿನಲ್ಲಿ 12ಎ ಅಂದರೆ ದೊಡ್ಡವರ ಜತೆ ಚಿಕ್ಕವರನ್ನು ಬಿಡ್ತಾರೆ, 15 ಅಂದರೆ ಯಾರು ಜತೆಗಿದ್ದರೂ ಬಿಡಲ್ಲ. ಟಿಕೆಟ್ ಬುಕ್ ಮಾಡುವ ಮುನ್ನ ಅಲ್ಲಿನ ಸರ್ಟಿಫಿಕೇಟ್ ಮಂಡಳಿ ಬಿಬಿಎಫ್‌ಸಿಯ ಸೈಟಿನಲ್ಲಿ ಚಿತ್ರದ ಹೆಸರು ಹಾಕಿದರೆ ಎಂಥ ಹಿಂಸೆ ಅಂತ ವಿವರವೂ ಸಿಗುತ್ತೆ. ಅಮೆರಿಕದಲ್ಲಿ ಬಹಳಷ್ಟು ಭಾರತೀಯ ಚಿತ್ರಗಳು ರೇಟಿಂಗ್ ಇಲ್ಲದೆಯೇ ಬಿಡುಗಡೆಯಾಗುತ್ತವೆ, ಅದನ್ನು "ಎಲ್ಲರಿಗೂ ಸರಿ" ಅಂತ ಓದಿಕೊಳ್ಳಬೇಡಿ.

ಕಾಫಿಪುಡಿ:
ಅಮ್ಮನ ಎಳೆಯ ವಿಷಯ ನಮಗೆ ಹೊಳೆದೇ ಇರಲಿಲ್ಲ, ನಾವು ಗನ್ ಲೆಕ್ಕ ಹಾಕ್ತಾ ಕೂತಿದ್ವಿ. ಎರಡು ಪ್ರಶ್ನೆ ಉಳಿದಿದೆ. ದೊಡ್ಡವರು ನೋಡುವಾಗ ಇವನು ಬಾಗಿಲ ಸಂದಿಯಿಂದ ನೋಡಿಬಿಟ್ಟರೆ? ಮುಂದೆ ಬೇರೆ ಚಿತ್ರ ಬಂದಾಗ ನಾವೇ ತೀರ್ಮಾನಿಸುವುದು ಹೇಗೆ?

ಬಾಲಂಗೋಚಿ:
ನೋಡಿಬಿಟ್ಟರೆ ಬೈಯಬೇಡಿ, ಬೈದರೆ ಮುಂದಿನ ಸಲ ಹೆದರಿಕೆಯನ್ನೂ ಮುಚ್ಚಿಡುತ್ತಾನೆ. "ಅದು ಬರೀ ಸಿನಿಮಾ" ಎಂಬ ಮಾತು ಎಂಟು-ಒಂಬತ್ತರ ಮಗುವಿಗೆ ನಾಟುತ್ತೆ, ಮೇಕಿಂಗ್ ವಿಡಿಯೋದಲ್ಲಿ ಹಗ್ಗ, ರಬ್ಬರ್ ಕತ್ತಿ ತೋರಿಸಿದರೆ ಇನ್ನೂ ಒಳ್ಳೆಯದು. ಆರಕ್ಕೆ ಮಡಿಲು, ಬೆಳಕು, ಪರಿಚಿತ ಕೆಲಸ ಬೇಕು. ಏನು ಕಂಡೆ ಅಂತ ಅವನೇ ಹೇಳಲಿ, ನೀವು ದೃಶ್ಯ ವಿವರಿಸಿ ಪೂರ್ತಿ ಮಾಡಬೇಡಿ. ಕೆಲವು ರಾತ್ರಿ ಲೈಟು ಹಾಕಿ ಮಲಗುವುದು, ಅಂಟಿಕೊಳ್ಳುವುದು ಸಹಜ. ಒಂದು ತಿಂಗಳಾದರೂ ನಿದ್ದೆ ಕೆಟ್ಟಿದ್ದರೆ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮರಳಿ ಶುರುವಾಗಿದ್ದರೆ, ಶಾಲೆಗೆ ಹೋಗಲು ಒಲ್ಲೆನೆಂದರೆ ಮಕ್ಕಳ ಡಾಕ್ಟರಿಗೆ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೂ ಕನ್ನಡದಲ್ಲೇ ಮಾತಾಡಬಹುದು.

ಬೇರೆ ಚಿತ್ರಕ್ಕೆ: ಒಬ್ಬರು ಮೊದಲೇ ಪೂರ್ತಿ ನೋಡಿ, ಓಡಿಸದೆ. ಟ್ರೇಲರ್ ನೆಚ್ಚಬೇಡಿ, ಅದರಲ್ಲಿ ಮಾರುವ ಹೊಡೆತ ಇರುತ್ತೆ, ಅಳುವ ತಾಯಿ ಇರಲ್ಲ. ಒಂದು ಹಾಳೆಯಲ್ಲಿ ನಿಮಿಷ ಬರೆದುಕೊಂಡು ಏಟು ಯಾರಿಗೆ ಬಿತ್ತು, ಕ್ಯಾಮೆರಾ ಗಾಯದ ಮೇಲೆ ನಿಂತಿತಾ, ಆಮೇಲೆ ಉಸಿರಾಡಲು ಜಾಗ ಕೊಟ್ಟಿತಾ ಗುರುತು ಹಾಕಿ. ಏಟು ಅಪ್ಪ, ಅಮ್ಮ, ಮಗು ಇಲ್ಲಾ ನಾಯಿಗೆ ಬಿದ್ದಿದ್ದರೆ ಪುಟ್ಟವರಿಗೆ ಬೇಡ, ರಕ್ತ ಒಂದು ತೊಟ್ಟೂ ಇಲ್ಲದಿದ್ದರೂ. ಉದ್ದವನ್ನೂ ನೋಡಿ. ಚಾಪ್ಟರ್ 2 ಒಟ್ಟು 168 ನಿಮಿಷ. 5ರಿಂದ 10 ವರ್ಷದವರಿಗೆ ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ ಹೇಳುವುದು ಇಡೀ ದಿನಕ್ಕೆ ಎರಡು ಗಂಟೆಯೊಳಗೆ.

ರೀಲುಪೆಟ್ಟಿಗೆ:
ಬಾಗಿಲ ಸಂದಿಗೆ ಮದ್ದು: ದೊಡ್ಡವರ ಶೋ ನಡೆಯುವಾಗ ಚಿಕ್ಕವನನ್ನು ಯಾರಾದರೂ ಹೊರಗೆ ಕರೆದೊಯ್ಯಿರಿ. ಪಕ್ಕದ ಕೋಣೆಯಲ್ಲಿ ಕೂರಿಸಿದರೆ ಸದ್ದಿಗೇ ಬಂದುಬಿಡ್ತಾನೆ. ಅವನಿಗೆ ಬೇರೆ ಕಿಡ್ಸ್ ಪ್ರೊಫೈಲ್ ಮಾಡಿ, ದೊಡ್ಡವರ ಪ್ರೊಫೈಲಿಗೆ ಪಿನ್ ಹಾಕಿ. ಬರೀ ಕಿಡ್ಸ್ ಪ್ರೊಫೈಲ್ ಇದ್ದು ಉಳಿದವು ತೆರೆದಿದ್ದರೆ ಆರು ವರ್ಷದವನು ಎರಡೇ ಒತ್ತಿಗೆ ಆಚೆ ದಾಟುತ್ತಾನೆ. ಆಟೋಪ್ಲೇ ಆಫ್ ಮಾಡಿ. "ನೋಡುತ್ತಿದ್ದದ್ದು ಮುಂದುವರಿಸಿ" ಸಾಲಿನಿಂದ ಕೆಜಿಎಫ್ ತೆಗೆದುಹಾಕಿ. ಕೆಲವು ಆ್ಯಪ್‌ಗಳಲ್ಲಿ ಫೋನಿನಲ್ಲಿ ಹಾಕಿದ ನಿರ್ಬಂಧ ಟಿವಿಗೆ ತಾನಾಗಿ ಬರುವುದಿಲ್ಲ, ಸಾಧನ ಸಾಧನಕ್ಕೂ ಬೇರೆ ಆರಿಸಬೇಕು. ಹಾಗಾಗಿ ಕಸಿನ್‌ಗಳು ಬರುವ ಹಿಂದಿನ ದಿನವೇ ಟಿವಿ ರಿಮೋಟ್ ಹಿಡಿದು ಕೆಜಿಎಫ್ ಹುಡುಕಿ ಪ್ಲೇ ಒತ್ತಿ, ಪಿನ್ ಕೇಳುತ್ತಾ ನೋಡಿ. ಪಿನ್ ಒತ್ತುವಾಗ ಅವನು ಪಕ್ಕದಲ್ಲಿರಬಾರದು.