ಸಹಾಯ ಬೇಕು: ಮುಧೋಳ ಹೆಣ್ಣುನಾಯಿಗೆ ಸೂಲು ನಿಲ್ಲಿಸಿ ಹೊಸ ಮನೆಗೆ ಕಳಿಸುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಗಂಗಾವತಿ ಹತ್ತಿರದ ನಮ್ಮ ಮನೆಯಲ್ಲಿರುವ ಮುಧೋಳ ತಳಿಯ ಗೌರಿಗೆ ಈಗ 6 ವರ್ಷ; 4 ಸೂಲುಗಳಾಗಿವೆ. ಕಳೆದ ಸಲ ಹೆರಿಗೆ ರಾತ್ರಿಯಿಡೀ ಎಳೆದು, 7 ಮರಿಗಳಲ್ಲಿ 3 ಮಾತ್ರ ಉಳಿದವು. ಆ ಮರಿಗಳನ್ನೂ ಕೊಟ್ಟು ತಿಂಗಳಾಯಿತು. ಆಕೆ ಮಾತ್ರ ಮಂಚದ ಕೆಳಗಿನ ಗೋಣಿಚೀಲವನ್ನು ಮೂಗಿನಿಂದ ಎತ್ತಿ ಎತ್ತಿ ಇನ್ನೂ ಹುಡುಕುತ್ತಾಳೆ.

ಇನ್ನೊಂದು ಸೂಲು ನೋಡೋಣವೆಂಬುದು ತಮ್ಮನ ಮಾತು. 2017ರ ಕೇಂದ್ರದ ನಾಯಿ ಸಾಕಣೆ ನಿಯಮಗಳ ಪ್ರಕಾರ 12 ತಿಂಗಳಿಗೆ ಒಂದಕ್ಕಿಂತ ಹೆಚ್ಚು ಸೂಲು ಕೂಡದು. ಆದರೆ ಅಂತರ ಕೊಟ್ಟರೂ ಆಕೆಯ ಮೈ ತಡೆಯಬೇಕಲ್ಲವೇ? ವಯಸ್ಸಾದಂತೆ ಗರ್ಭಕೋಶದಲ್ಲಿ ಕೀವು ತುಂಬುವ ಅಪಾಯ ಹೆಚ್ಚುವುದರಿಂದ, ಬೆದೆ ಮುಗಿದು ಎರಡು ಮೂರು ತಿಂಗಳಾದ ಮೇಲೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವಂತೆ ಪಶುವೈದ್ಯರು ಹೇಳಿದ್ದಾರೆ. ನಾನಂತೂ ನಿಲ್ಲಿಸುವ ಪಕ್ಷದವನು.

ಕುಷ್ಟಗಿಯ ನಮ್ಮ ಸೋದರಮಾವ ಆಕೆಯನ್ನು ಸಾಕಲು ಮುಂದೆ ಬಂದಿದ್ದಾರೆ. ನಮ್ಮ ಸುತ್ತ ನಾಲೆ, ಕೆಸರಿನ ಭತ್ತದ ಗದ್ದೆ. ಅಲ್ಲಿ ಓಡಲು ವಿಶಾಲವಾದ ಮಸಾರಿ (ಕೆಂಪು ಮಣ್ಣಿನ) ಹೊಲವಿದೆ. ಆದರೆ ಅವ್ವನ ಕೈಯಿಂದಲ್ಲದೆ ರೊಟ್ಟಿ ಮುಟ್ಟದ ನಾಯಿ ಇದು. ಶಸ್ತ್ರಚಿಕಿತ್ಸೆ ಮಾಡಿಸಿ, ಹೊಲಿಗೆ ಮಾಯ್ದ ಮೇಲೆ ಕಳಿಸಬೇಕೇ, ಅಥವಾ ಮೊದಲೇ ಕಳಿಸಿ ಅಲ್ಲಿ ಹೊಂದಿಕೊಂಡ ಬಳಿಕ ಮಾಡಿಸಬೇಕೇ? ಕೊಪ್ಪಳ, ರಾಯಚೂರು ಕಡೆಯಲ್ಲಿ ಹೀಗೆ ಮಾಡಿದವರಿದ್ದರೆ ದಯವಿಟ್ಟು ತಿಳಿಸಿ.