ವಿಜಯಪುರದ ಹಳೇ ವಾಡೆಯನ್ನು ಹೋಟೆಲ್ ಮಾಡಬೇಕು, ಮಾಳಿಗೆ ಕೆಡವಬೇಕಾ?

ಪಡಸಾಲೆ:
ನಮಸ್ಕಾರ. ಕೋಟೆ ಗೋಡೆಯ ಒಳಗೆ, ಜುಮ್ಮಾ ಮಸೀದಿ ಕಡೆ ನಮ್ಮ ಮುತ್ತಜ್ಜನ ವಾಡೆ ಇದೆ. ಎರಡು ಮೊಳ ದಪ್ಪದ ಕಲ್ಲಿನ ಗೋಡೆ, ಸಾಗವಾನಿ ಕಂಬ, ನಡುವೆ ಅಂಗಳ, ಮೇಲೆ ಮಣ್ಣಿನ ಮಾಳಿಗೆ, ಅಂದರೆ ತೊಲೆ, ಜಂತಿ ಮೇಲೆ ಮಣ್ಣು ಹಾಸಿದ ಚಾವಣಿ. ಈಗ ಬೀಗ ಹಾಕಿದೆ, ಮಾರಲು ಯಾರಿಗೂ ಮನಸ್ಸಿಲ್ಲ. ಪುದುಚೇರಿ, ಕಾರೈಕುಡಿಯಲ್ಲಿ ಹಳೇ ಮನೆಗಳನ್ನೇ ಚೆಂದದ ಹೋಟೆಲ್ ಮಾಡಿದ್ದಾರಲ್ಲ, ಹಾಗೆ ನಾಲ್ಕೈದು ಕೋಣೆ ಮಾಡುವ ಆಸೆ. ಆದರೆ ಬಂದು ನೋಡಿದ ಇಂಜಿನಿಯರ್, ಮಾಳಿಗೆ ಕೆಡವಿ ಆರ್‌ಸಿಸಿ ಹಾಕಿ, ಎಸಿ ಕೂಡಿಸಿ, ಇಲ್ಲಾಂದ್ರೆ ಗಿರಾಕಿ ಬರಲ್ಲ ಅಂತಾರೆ. ಉಳಿಯಲು ಬರುವವರು ನೀವೇ ಹೇಳಿ, ಏನು ಬೇಕು ನಿಮಗೆ?

ತಿರುಗಾಟ:
ದಯವಿಟ್ಟು ಕೆಡವಬೇಡಿ! ಸ್ಲ್ಯಾಬ್, ಎಸಿ ಎಲ್ಲಾ ಲಾಡ್ಜ್‌ನಲ್ಲೂ ಇದೆ, ಅದಕ್ಕೆ ನಿಮ್ಮಲ್ಲಿಗೆ ಯಾಕೆ ಬರಬೇಕು? ಗೋಲಗುಮ್ಮಟವನ್ನು ಬೆಳಿಗ್ಗೆ ಬೇಗ, ಗದ್ದಲ ಶುರುವಾಗೋ ಮೊದಲೇ ನೋಡಿ ಬಂದು, ಬಿಸಿಲೇರಿದ ಮೇಲೆ ತಂಪಾದ ಪಡಸಾಲೆಯಲ್ಲಿ ರೊಟ್ಟಿ, ಝುಣಕ, ಶೇಂಗಾ ಚಟ್ನಿ ಊಟ ಮಾಡಿ ಒರಗುವ ಸುಖ ಬೇರೆ. ಗೋಡೆಯ ಮಾಡಗಳನ್ನೂ ಮುಚ್ಚಬೇಡಿ, ದೀಪದ ಮಸಿ ಇದ್ದರೂ ಇರಲಿ. ಬಚ್ಚಲು ಮಾತ್ರ ಹೊಸದಾಗಿ ಕಟ್ಟಿ. ಕಮೋಡ್, ಬಿಸಿನೀರು, ಗಾಳಿಯಾಡುವ ಕಿಟಕಿ ಇರಲೇಬೇಕು, ಅಲ್ಲಿ ರಾಜಿ ಬೇಡ.

ಗಚ್ಚು_ಗಾರೆ:
ಹಳೇ ಮನೆ ರಿಪೇರಿಯೇ ನನ್ನ ಕೆಲಸ, ಅದಕ್ಕೆ ಸ್ವಲ್ಪ ಜಾಸ್ತಿ ಬರೀತೀನಿ. ಮೊದಲು ತೊಲೆಗಳು ಗೋಡೆಯೊಳಗೆ ಹೊಕ್ಕಿರುವ ತುದಿ ನೋಡಿಸಿ. ನಡುವೆ ಗಟ್ಟಿಯಿದ್ದು ತುದಿಯಲ್ಲಿ ಗೆದ್ದಲು ಹಿಡಿದಿರುತ್ತದೆ, ಸುತ್ತಿಗೆಯಿಂದ ಬಡಿದರೆ ಪೊಳ್ಳು ಸದ್ದು ಬರುತ್ತೆ. ಸೋರಿದಾಗೆಲ್ಲ ಮೇಲೆ ಮಣ್ಣು ಹಾಕುತ್ತಾ ಬಂದಿರುತ್ತಾರೆ, ಆ ಭಾರಕ್ಕೇ ಜಂತಿ ಬಗ್ಗುವುದು. ಹೆಚ್ಚಿನ ಮಣ್ಣು ಇಳಿಸಿ, ಹರನಾಳಿಗೆ (ಮಳೆನೀರು ಹೊರಹೋಗುವ ಕೊಳವೆ) ಕಡೆಗೆ ಇಳಿಜಾರು ಕೊಟ್ಟು, ಸುಣ್ಣದ ಗಚ್ಚು ಹಾಕಿದರೆ ಮಾಳಿಗೆ ಬಾಳುತ್ತದೆ. ಕಲ್ಲನ್ನು ಮಣ್ಣಿನಲ್ಲಿ ಕೂಡಿಸಿ ಕಟ್ಟಿದ ಗೋಡೆ ಮೇಲೆ ಸ್ಲ್ಯಾಬ್ ಕೂಡಿಸುವುದು ಅಪಾಯ. ಮೇಲಾಗಿ ನಮ್ಮಲ್ಲಿ ಬೇಸಿಗೆಗೆ 40 ಡಿಗ್ರಿ ದಾಟುತ್ತದೆ, ಹಗಲೆಲ್ಲ ಕಾದ ಸ್ಲ್ಯಾಬ್ ರಾತ್ರಿ ಕೋಣೆಯೊಳಗೇ ಶಾಖ ಬಿಡುತ್ತೆ. ಗೋಡೆಗೆ ಸಿಮೆಂಟ್ ಗಿಲಾವೂ ಬೇಡ. ತೇವ ಹೊರಗೆ ಹೋಗದೆ ಒಳಗೇ ಉಳಿದು ಉಪ್ಪು ಬಿಟ್ಟು ಸುಲಿಯುತ್ತದೆ. ಬಚ್ಚಲನ್ನು ಹಳೇ ಗೋಡೆಗೆ ಅಂಟಿಸಬೇಡಿ, ಹಿತ್ತಲ ಕಡೆ ಬಿಡಿಯಾಗಿ ಕಟ್ಟಿ.

ನಕಾಶೆ:
ಅದೆಲ್ಲ ಸರಿ, ಆದರೆ ಒಂದು ಕಲ್ಲು ಎತ್ತುವ ಮೊದಲು ದೂರ ಅಳೆಸಿ ಸರ್. ಜುಮ್ಮಾ ಮಸೀದಿಯಂಥ ಕೇಂದ್ರದ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಸ್ಮಾರಕ ಸಂರಕ್ಷಣೆಯ ಕೇಂದ್ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಿಂದ ಇದು ಬಿಗಿಯಾಗಿದೆ. 100 ಮೀಟರ್ ಒಳಗೆ ಹೊಸ ಕಟ್ಟಡ ಇಲ್ಲವೇ ಇಲ್ಲ, ಇದ್ದ ಮನೆಯ ರಿಪೇರಿಗೂ ಅನುಮತಿ ಬೇಕು. ಹಾಗಾಗಿ ಹಿತ್ತಲ ಬಚ್ಚಲೂ ಅಲ್ಲೇ ಸಿಕ್ಕಿಕೊಳ್ಳಬಹುದು.

ಪಡಸಾಲೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಾಳಿಗೆ ಉಳಿಸುತ್ತೇವೆ, ಮನೆಯಲ್ಲೂ ಒಪ್ಪಿದರು. ಮೊದಲು ಅಳತೆ, ಆಮೇಲೆ ಅರ್ಜಿ. ಹಿತ್ತಲಲ್ಲಿ ಹಳೇ ಕೊಟ್ಟಿಗೆ ಇದೆ, ಅದನ್ನೇ ಬಚ್ಚಲಾಗಿ ಮಾರ್ಪಡಿಸಲು ಬಿಡುತ್ತಾರಾ ಅಂತ ಕೇಳುತ್ತೇವೆ. ಸುಣ್ಣದ ಕೆಲಸ ಬಲ್ಲ ಗೌಂಡಿಗಳು ಬಾಗಲಕೋಟೆ ಕಡೆ ಇದ್ದರೂ ಸರಿ, ಗೊತ್ತಿದ್ದವರು ಮೆಸೇಜ್ ಮಾಡಿ.